ಗೋಡೆ ಬಿಟ್ಟು ಬಾರದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪಿಗೆ ಗೋಡೆಯ ಮೇಲೆ ಅತೀವ ವ್ಯಾಮೋಹವಿತ್ತು. ಚಾರ್ಜರಿನ ಪಿನ್ ಕಿತ್ತ ಕ್ಷಣವೇ ಅದು ಯಾವ ಮುನ್ಸೂಚನೆಯೂ ಇಲ್ಲದೆ ಕಣ್ಣು ಮುಚ್ಚುತ್ತಿತ್ತು. ಮತ್ತೆ ಸಿಕ್ಕಿಸಿದರೆ ಎಚ್ಚೆತ್ತು, ಬ್ಯಾಟರಿ ಪೂರ್ತಿ ತುಂಬಿದೆ ಎಂದು ನಿರ್ಲಜ್ಜವಾಗಿ ಘೋಷಿಸುತ್ತಿತ್ತು. ವಿಜಯನಗರದ ನಮ್ಮ ಮನೆಯಲ್ಲಿ ಅದು ಸದಾ ಪ್ಲಗ್ಗಿಗೆ ಅಂಟಿಕೊಂಡೇ ಇರುತ್ತಿದ್ದುದರಿಂದ ಈ ರೋಗ ಯಾವಾಗ ಬಂತೆಂಬುದೇ ನನಗೆ ತಿಳಿಯಲಿಲ್ಲ. ನಿವೃತ್ತನಾಗುವವರೆಗೂ ಕಾಲೇಜಿನಲ್ಲಿ ವಿದ್ಯುತ್ಕೋಶದ ಧನಧ್ರುವ, ಋಣಧ್ರುವಗಳ ಮಹಿಮೆಯನ್ನು ಬೋಧಿಸಿದ ನನ್ನಂಥ ರಸಾಯನಶಾಸ್ತ್ರದ ಮೇಷ್ಟ್ರ ಮನೆಯ ಸ್ಥಿತಿ ಇದು.

ತಿಳಿದದ್ದು ಅಕ್ಕನ ದೆಸೆಯಿಂದ. ಬನ್ನಿಮಂಟಪದಲ್ಲಿ ಮಗ, ಸೊಸೆಯೊಂದಿಗೆ ಇರುವ ನನ್ನಕ್ಕ ಬೇಸಿಗೆಯಲ್ಲಿ ನೆಲದ ಮೇಲೆ ಹಾದುಹೋಗಿದ್ದ ವೈರನ್ನು ಎಡವಿ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಧಾರಾಳವಾಗಿ ನಡೆಯಬಹುದೆಂದು ಡಾಕ್ಟರು ಹೇಳಿದರೂ ಅವಳನ್ನು ಕೋಣೆಯ ಹೊಸಿಲು ದಾಟಿಸಲು ಯಾರಿಂದಲೂ ಆಗಲಿಲ್ಲ. ಹೀಗೇ ಮಲಗಿಬಿಟ್ಟಾಳು ಎಂಬ ಹೆದರಿಕೆ ನಮಗೆಲ್ಲ ಇತ್ತು.

ಅಷ್ಟರಲ್ಲಿ ದಸರೆ ಮುಗಿದು, ರಾಯಚೂರಿನಲ್ಲಿ ಅವಳ ಮೊಮ್ಮಗಳ ಕೂಸಿಗೆ ನಾಮಕರಣ ಗೊತ್ತಾಯಿತು. ಫೋನಿನ ಪುಟ್ಟ ಪರದೆ ಅಕ್ಕನ ಕಣ್ಣಿಗೆ ಹತ್ತದು. ಲ್ಯಾಪ್‌ಟಾಪಿನಲ್ಲಿ ವಿಡಿಯೋ ಕರೆ ಮಾಡಿ ತೋರಿಸುತ್ತೇನೆಂದು ನಾನು ದೊಡ್ಡಸ್ತಿಕೆಯಿಂದ ಮಾತು ಕೊಟ್ಟೆ. ಅವಳ ಹಳೆಯ ಕೋಣೆಯಲ್ಲಿ ಪ್ಲಗ್ಗೇ ಇಲ್ಲ; ನಡುಮನೆಯಿಂದ ವೈರು ಎಳೆಯೋಣವೆಂದರೆ ವೈರೆಂಬ ಶಬ್ದಕ್ಕೇ ಅವಳು ಸೊಂಟ ಹಿಡಿದುಕೊಂಡಳು. ಬ್ಯಾಟರಿ ಇದೆಯಲ್ಲ ಎಂದು ಮನೆಗೆ ಬಂದು ಪಿನ್ ಕಿತ್ತು ನೋಡಿದಾಗಲೇ ಅದರ ಬಂಡವಾಳ ಬಯಲಾದದ್ದು.

ನಮ್ಮದು ಹಳೆಯ ಮಾದರಿ, ಬ್ಯಾಟರಿಯನ್ನು ಕಳಚಬಹುದು. ಕಳಚಿ, ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಒತ್ತಿ ಹಿಡಿದು, ಇಂಟರ್ನೆಟ್ಟಿನ ಸಮಸ್ತ ಪಂಡಿತರ ಆದೇಶಗಳನ್ನು ಪಾಲಿಸಿದೆ. ಫಲ ಶೂನ್ಯ. ಆಗ ಬ್ಯಾಟರಿಯ ತಾಮ್ರದ ಹಲ್ಲುಗಳ ಮೇಲೆ ಬೆಳ್ಳಗಿನ ಲೇಪನ ಕಂಡಿತು. ನನ್ನೊಳಗಿನ ರಸಾಯನಶಾಸ್ತ್ರಜ್ಞ ಅದು ಲವಣದ ಸಂಚಯವೆಂದು ಗಂಭೀರವಾಗಿ ತೀರ್ಪಿತ್ತ. ಹೆಂಡತಿ ಬಗ್ಗಿ ನೋಡಿ, "ವಿಭೂತಿ ಕಣ್ರೀ ಅದು. ಆಯುಧಪೂಜೇಲಿ ನೀವೇ ಬಿಚ್ಚಿ ಕೊಟ್ರಲ್ಲ, ಇದುಕ್ಕೂ ಒಂದಿಷ್ಟು ಇಡು ಅಂತ!" ಎಂದಳು. ನಿಜ. ಎಲ್ಲ ಆಯುಧಗಳಿಗೂ ಶಕ್ತಿ ಕೊಡುವ ಬ್ಯಾಟರಿಯನ್ನೇ ಬಿಟ್ಟರೆ ಅಪಚಾರವೆಂದು ನಾನೇ ವಾದಿಸಿದ್ದೆ. ಒಣಬಟ್ಟೆಯಿಂದ ಒರೆಸಿದೆ, ಆದರೂ ಹತ್ತಲಿಲ್ಲ. ಲಷ್ಕರ್ ಮೊಹಲ್ಲಾದ ಅಂಗಡಿಯವರು ಬ್ಯಾಟರಿ ಹೋಗಿದೆ, ಹೊಸದು ಬರಲು ವಾರವಾಗುತ್ತದೆ ಎಂದರು. ಕೆಟ್ಟದ್ದು ವಿಭೂತಿಯಿಂದಲೋ, ವರ್ಷವಿಡೀ ಪ್ಲಗ್ಗಿನಲ್ಲಿಟ್ಟ ನನ್ನಿಂದಲೋ ಎಂಬ ವಿಚಾರದಲ್ಲಿ ಹೆಂಡತಿ ವಿಭೂತಿಯನ್ನು ಖುಲಾಸೆ ಮಾಡಿದಳು.

ನಾಮಕರಣದ ಬೆಳಿಗ್ಗೆ ಬೇರೆ ದಾರಿ ಕಾಣದೆ ಲ್ಯಾಪ್‌ಟಾಪನ್ನು ಅಕ್ಕನ ನಡುಮನೆಯ ಪ್ಲಗ್ಗಿಗೆ ಸಿಕ್ಕಿಸಿ, ಕಂಡದ್ದನ್ನು ಕೋಣೆಗೆ ಕೂಗಿ ಹೇಳತೊಡಗಿದೆ.

"ಕೂಸು ಯಾರ್ ಥರಾ ಅದೆಯೋ?" ಎಂದಳು ಒಳಗಿಂದ.

"ಕೂಸಿನ ಥರಾನೇ ಅದೆ ಅಕ್ಕ."

"ನಿನ್ ತಲೆ! ನೀನ್ ನೋಡಿ ಹೇಳಿದ್ದು ಸಾಕು ಬುಡು. ನಾನೇ ಬತ್ತೀನಿ."

ಗೋಡೆ ಹಿಡಿದು, ಸೊಸೆಯ ತೋಳು ಹಿಡಿದು, ಅಕ್ಕ ಹೊಸಿಲು ದಾಟಿದಳು. ನಾನು ಕುರ್ಚಿ ಎಳೆದಿಟ್ಟೆ. ಕುರ್ಚಿಯಲ್ಲಿ ಕೂತವಳೇ ಪರದೆಯತ್ತ ಬಾಗಿ, "ಅವ್ವನ ಮೂಗು ಕಣೋ ಇದು! ಇಷ್ಟು ಕಾಣಲಿಲ್ವಾ ನಿಂಗೆ?" ಎಂದು ಬೈದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಮರುವಾರ ಹೊಸ ಬ್ಯಾಟರಿ ಬಂತು. ಲ್ಯಾಪ್‌ಟಾಪು ಈಗ ಯಾವ ಗೋಡೆಯ ಹಂಗೂ ಇಲ್ಲದೆ ನಡೆಯುತ್ತದೆ. ಕೂಸನ್ನು ತೋರಿಸಲು ಬನ್ನಿಮಂಟಪಕ್ಕೆ ಹೋದಾಗ ಅಕ್ಕ ಮಂಚದಿಂದಲೇ ಕೂಗಿದಳು: "ಬ್ಯಾಟ್ರಿ ಸರಿ ಆಯ್ತೇನೋ? ಆಗಿದ್ರೆ ಇಲ್ಲಿಗೇ ತತ್ತಾ."

ನಾನು ಚಾರ್ಜರ್ ತೆಗೆದು ನಡುಮನೆಯ ಪ್ಲಗ್ಗಿಗೆ ಸಿಕ್ಕಿಸಿದೆ.

"ಇಲ್ಲ ಕಣಕ್ಕ, ಗೋಡೆ ಬಿಟ್ಟು ಬರಲ್ಲ ಅಂತದೆ. ನೀನೇ ಬಾ."

ಒಳಗೆ ಮಂಚ ಕಿರುಗುಟ್ಟಿತು.