ಕಾಗದ ಹೊತ್ತು ಮೆಟ್ಟಿಲು ಹತ್ತಿದ್ದು

ಚಾರಣದ ಬ್ಯಾಗನ್ನು ಖಾಲಿ ಇದ್ದಾಗ ನಂಬಬಾರದು, ತೂಕ ತುಂಬಿ ಹತ್ತಿ ಇಳಿದು ನೋಡಬೇಕು ಅಂತ ಯಾರೋ ಹೇಳಿದ್ದರು. ಕೊಂಡಾಪುರದ ನನ್ನ ರೂಮಿನಲ್ಲಿ ದಿಂಬು ಬಿಟ್ಟರೆ ಹೊರುವಂಥದ್ದೇನೂ ಇರಲಿಲ್ಲ. ಹಾಗಾಗಿ ಶುಕ್ರವಾರ ಹೊಸ ಬ್ಯಾಗನ್ನು ಆಫೀಸಿಗೇ ತಂದು, ಪ್ರಿಂಟರ್ ಪಕ್ಕದ ಕಾಗದದ ಬಂಡಲುಗಳನ್ನು ತುಂಬಿಕೊಂಡು ಮೆಟ್ಟಿಲು ಹತ್ತತೊಡಗಿದೆ. ಎರಡನೇ ಸುತ್ತಿಗೆ ಸೆಕ್ಯುರಿಟಿ ಶರಣಪ್ಪ ಅಡ್ಡ ನಿಂತ. ರಾಯಚೂರು ಕಡೆಯವನು, ಈ ತೆಲುಗು ಊರಿನಲ್ಲೂ ಕನ್ನಡದವರೆಂದು ರಿಯಾಯಿತಿ ತೋರುವವನಲ್ಲ.

“ಕಂಪನಿ ಕಾಗದ ಎಲ್ಲಿಗೆ ಒಯ್ಯಾಕತ್ತೀರಿ ಸರ?”

“ಎಲ್ಲಿಗೂ ಇಲ್ಲ. ಮೇಲೆ ಹೋಗಿ ಕೆಳಗೆ ಬರ್ತೀನಿ.”

“ಲಿಫ್ಟ್ ಐತಲ್ರಿ?”

“ಬ್ಯಾಗು ಭುಜಕ್ಕೆ ಒತ್ತುತ್ತಾ ಅಂತ ನೋಡ್ತಿದ್ದೀನಿ. ನಾಳೆ ಬೆಟ್ಟ ಹತ್ತಬೇಕು.”

“ಬೆಟ್ಟದ ಮ್ಯಾಲ ಏನೈತ್ರಿ?”

“ಏನೂ ಇಲ್ಲ.”

ಏನೂ ಇಲ್ಲದ ಕಡೆಗೆ ಹೊರೆ ಹೊತ್ತು ಹೋಗುವವನನ್ನು ಯಾವ ಸೆಕ್ಯುರಿಟಿ ನಂಬುತ್ತಾನೆ? ಅವನ ಕೈ ವಾಕಿಟಾಕಿಗೆ ಹೋಯಿತು.

“ಹರಕೆ, ಶರಣಪ್ಪ,” ಅಂದುಬಿಟ್ಟೆ.

“ಮೊದಲ ಹೇಳಬಾರದೇನ್ರಿ!” ಕಳಚಿಟ್ಟಿದ್ದ ಬ್ಯಾಗನ್ನು ತಾನೇ ಎತ್ತಿ ನನ್ನ ಬೆನ್ನಿಗೇರಿಸಿದ. “ಬರುವಾಗ ಪ್ರಸಾದ ತರ್ರಿ.”

ಬೆಟ್ಟದಲ್ಲಿ ಬ್ಯಾಗು ಏನೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಪ್ರಸಾದದಿಂದ. ಸಿಕಂದರಾಬಾದ್ ಸ್ಟೇಷನ್ ಎದುರು ಕೊಂಡ ಲಡ್ಡುವನ್ನು ಪೇಪರಿನಲ್ಲಿ ಸುತ್ತಿ ಸೋಮವಾರ ಕೊಟ್ಟೆ. ಶರಣಪ್ಪ ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟ. ಸ್ವಲ್ಪ ಹೊತ್ತಿಗೆ ಅಗಿಯುವುದು ನಿಧಾನವಾಯಿತು.

“ಸ್ಟೇಷನ್ ಮುಂದಿನ ಅಂಗಡೀದ ರುಚಿ ಐತಲ್ರಿ. ಯಾವ ದೇವರ್ರಿ ಸರ ಇದು?”

ಮರುದಿನದಿಂದ ಗೇಟಿನಲ್ಲಿ ನನ್ನ ಊಟದ ಡಬ್ಬಿಯನ್ನೂ ಬಿಚ್ಚಿಸತೊಡಗಿದ.