ಷಡ್ಡಕನ ಕಾರಿಗೆ ಬಾಲ

ಸೈಕಲ್ಲಿಗೇ ಗಾಳಿ ತುಂಬಿಸಲು ಮೀನಮೇಷ ಎಣಿಸುವವನಿಗೆ ಕಾರುಗಳ ಅಂದಚಂದದ ಬಗ್ಗೆ ಅಭಿಪ್ರಾಯ ಇರಬಾರದೆಂದು ಯಾವ ಕಾನೂನೂ ಇಲ್ಲ. ನನಗಿತ್ತು. ಐವತ್ತರ ದಶಕದಲ್ಲಿ ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಸಂಜೆಯಾದರೆ ವಾಚನಾಲಯದಲ್ಲಿ ಕೂತು ಅಮೆರಿಕದ ಪತ್ರಿಕೆಗಳಲ್ಲಿ ಬರುವ ಕಾರಿನ ಚಿತ್ರ ನೋಡುವುದು ನನ್ನ ಚಟ. ಹಳೆಯ ಕಾರುಗಳ ಗುಂಡು ಮಡ್‌ಗಾರ್ಡು, ಕಪ್ಪು ಬಣ್ಣ, ಪೇಟ ಇಟ್ಟವರೂ ತಲೆ ತಗ್ಗಿಸಬೇಕಿಲ್ಲದ ಎತ್ತರ, ಅದು ಗಾಂಭೀರ್ಯ. ಆಮೇಲೆ ಬಂದವಕ್ಕೆ ಮುಂದೆ ಬೆಳ್ಳಿ ಹಲ್ಲು, ಹಿಂದೆ ಮೀನಿನ ಬಾಲ, ಮೈಗೆ ಎರಡೆರಡು ಬಣ್ಣ. ಇದ್ದಬದ್ದ ಒಡವೆಯನ್ನೆಲ್ಲ ಹೇರಿಕೊಂಡು ಮದುವೆಗೆ ಬಂದವರ ಹಾಗೆ ಎಂದು ಕಚೇರಿಯಲ್ಲಿ ಭಾಷಣ ಬಿಗಿಯುತ್ತಿದ್ದೆ.

ಗುಂಡ್ಲುಪೇಟೆಯಲ್ಲಿದ್ದ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅರಿಸಿನದ ವ್ಯಾಪಾರದಲ್ಲಿ ಚೆನ್ನಾಗಿ ಕುದುರಿಕೊಂಡಿದ್ದ. ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದ.

"ಅಣ್ಣ, ಮೈಸೂರಲ್ಲಿ ಎರಡು ಅಮೆರಿಕದ ಕಾರು ಮಾರಾಟಕ್ಕವೆ. ಒಂದು ಕರೀದು, ಗುಂಡಗದೆ. ಇನ್ನೊಂದ್ಕೆ ಬಾಲ ಅದೆ. ಯಾವ್ದ ತಕ್ಕಳನ? ನೀವು ಓದ್ದೋರು, ಹೇಳಿ."

ಹೊಟ್ಟೆಕಿಚ್ಚಿಗೆ ತಣ್ಣೀರು ಹಾಕಿಕೋ ಎಂದು ಬುದ್ಧಿ ಹೇಳುವವರಿಗೆ ಬಹುಶಃ ಷಡ್ಡಕರಿರುವುದಿಲ್ಲ. ಆ ಕರಿಯ ಕಾರು ನನ್ನ ಕನಸಿನದು. ಅದರಲ್ಲಿ ಇವನು ಕೂತು ಮಾವನ ಮನೆ ಮುಂದೆ ಇಳಿಯುವುದನ್ನು ನೆನೆದೇ ನನಗೆ ಸಂಕಟವಾಯಿತು. "ಬಾಲದ್ದೇ ತಗೊಳಪ್ಪ" ಎಂದೆ. ಗುಂಡ್ಲುಪೇಟೆಯ ಪೇಟೆಬೀದಿ ಇವನನ್ನು ನೋಡಿ ನಗಲಿ ಎಂಬುದು ನನ್ನ ಆಸೆ.

ಬೀದಿ ನಗಲಿಲ್ಲ, ಬಾಯಿ ಬಿಟ್ಟುಕೊಂಡು ನಿಂತಿತು. ಕಾರಿನ ಪೂಜೆಗೆ ಹೆಂಡತಿಯೊಡನೆ ಹೋಗಿ ನಾನೂ ನೋಡಿದೆ. ಬೆಳ್ಳಿ ಹಲ್ಲಿನ ಮೇಲೆ ವಿಭೂತಿ, ಬಾಲಕ್ಕೆ ಸೇವಂತಿಗೆ ಹಾರ. ಒಪ್ಪಿಕೊಳ್ಳುವುದು ಕಷ್ಟ, ಚೆನ್ನಾಗಿಯೇ ಇತ್ತು. ಸಾಲದ್ದಕ್ಕೆ ಷಡ್ಡಕ ಬಂದವರಿಗೆಲ್ಲ "ಇದ ಆರ್ಸ್‌ಕೊಟ್ಟಿದ್ದು ನಮ್ಮಣ್ಣ ಕಣ್ರಪ್ಪ" ಎಂದು ನನ್ನನ್ನು ತೋರಿಸಿದ. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ನನ್ನತ್ತ ಹೆಮ್ಮೆಯಿಂದ ನೋಡಿದಳು. ನಿಜ ತಿಳಿದರೆ ಆ ನೋಟ ಏನಾದೀತು ಎಂದುಕೊಳ್ಳುತ್ತ ಬಾಲದ ಹಾರ ಸರಿಪಡಿಸತೊಡಗಿದೆ.

ಜನ ಕರಗಿದ ಮೇಲೆ ಅತ್ತೆ ದೃಷ್ಟಿ ತೆಗೆಯಲು ಹೊರಟರು. ಬೊಗಸೆಯಲ್ಲಿ ಉಪ್ಪು, ಒಣಮೆಣಸಿನಕಾಯಿ. ಕಣ್ಣು ಹಾಕಿರಬಹುದಾದವರ ಕಾಲಡಿಯ ಮಣ್ಣನ್ನೂ ಅದಕ್ಕೆ ಸೇರಿಸಿ, ಕಾರಿಗೆ ನಿವಾಳಿಸಿ, ಒಲೆಗೆ ಹಾಕುವುದು ಪದ್ಧತಿ. ನೆಂಟರು ನಿಂತಲ್ಲೆಲ್ಲ ಅತ್ತೆ ಬಗ್ಗಿ ಒಂದೊಂದು ಚಿಟಿಕೆ ತೆಗೆದುಕೊಂಡರು. ಸ್ವಂತ ಮಗಳನ್ನೂ ಬಿಡಲಿಲ್ಲ. ನನ್ನ ಮುಂದೆ ಮಾತ್ರ ಬಗ್ಗದೆ ದಾಟಿದರು.

"ಅತ್ತೆ, ನನ್ನದು?"

"ನಿಮ್ದ್ಯಾಕೆ ಬುಡಿ ಅಳಿಯಂದ್ರೆ. ಒಳ್ಳೇದಾಗ್ಲಿ ಅಂತ ಆರ್ಸ್‌ಕೊಟ್ಟೋರು ನೀವು. ನಿಮ್ ಕಣ್ಣು ತಾಕ್ತದಾ?"

ಷಡ್ಡಕ ಪಕ್ಕದಲ್ಲೇ ನಗುತ್ತ ನಿಂತಿದ್ದ. ನಾನು ಕಾಲೆತ್ತಿ, ಅಡಿಯ ಮಣ್ಣನ್ನು ಕೆರೆದು ಅವರ ಬೊಗಸೆಗೆ ಹಾಕಿದೆ. ಚಿಟಿಕೆಯಲ್ಲ, ಹಿಡಿ ತುಂಬ.