ಮಲ್ಲವ್ವನ ‘ಆರಾಮ’

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಗೋಕಾಕದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞನಾಗಿದ್ದೆ. ಹರ್ನಿಯಾ ಆಪರೇಷನ್ನಿಗೆ ಮುನ್ನ ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ನಿನಲ್ಲಿ ಇನ್ನೊಂದು ಔಷಧ ಸ್ವಲ್ಪ ಬೆರೆಸಿದರೆ, ಆಮೇಲಿನ ನೋವು ತಡವಾಗಿ ಶುರುವಾಗುತ್ತದೆ. ಬಳಕೆಯಲ್ಲಿದ್ದ ಅಂಥ ಎರಡು ಔಷಧಗಳಲ್ಲಿ ಯಾವುದು ಮೇಲು ಎಂಬುದೇ ನನ್ನ ಅಧ್ಯಯನ. ಯಾರಿಗೆ ಯಾವುದು ಎಂಬ ಚೀಟಿ ಮುಚ್ಚಿದ ಲಕೋಟೆಯಲ್ಲಿರುತ್ತಿತ್ತು; ಅದನ್ನು ತೆರೆದು ಔಷಧ ಬೆರೆಸುವವರು ಬೇರೆಯವರು. ನೋವು ಅಳೆಯುವ ನನಗೂ ಅದು ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದೆ.

ಮೂಲ ನಮೂನೆಯಲ್ಲಿ ‘ನಿಮ್ಮ ನೋವಿನ ತೀವ್ರತೆಯನ್ನು ಸೊನ್ನೆಯಿಂದ ಹತ್ತರೊಳಗೆ ಸೂಚಿಸಿ’ ಎಂದಿತ್ತು. ನಾನು ಹುಕ್ಕೇರಿಯವನು. ನಮ್ಮ ಜನಕ್ಕೆ ಈ ಪುಸ್ತಕದ ಮಾತೇಕೆ ಎಂದು ಜಂಬದಿಂದ ತಿದ್ದಿದೆ: ‘ಈಗ ಆರಾಮ ಅದೀರಿ?’ ಆರಾಮ ಎಂದರೆ ಸೊನ್ನೆ. ಇಲ್ಲ ಎಂದರೆ ಎಷ್ಟು ನೋವು ಎಂದು ಕೇಳಿ, ಅದು ನಾಲ್ಕು ಮುಟ್ಟಿದರೆ ನೋವಿನ ಇಂಜೆಕ್ಷನ್. ಕೆಲವೇ ತಿಂಗಳಲ್ಲಿ ಸೊನ್ನೆಗಳ ರಾಶಿ ಬಿತ್ತು. ಎರಡೂ ಔಷಧ ಭೇಷ್ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆಗ ಬಂದವಳು ಮೂಡಲಗಿ ಕಡೆಯ ಮಲ್ಲವ್ವ ಆಯಿ. ಕುರಿ ಸಾಕುವ ಮನೆತನದ ಹಿರಿಯಾಕೆ. ಹೊಕ್ಕಳ ಹತ್ತಿರ ಹರ್ನಿಯಾ. ಒಪ್ಪಿಗೆ ಪಡೆಯುವಾಗ ಲಕೋಟೆಯ ವಿಷಯ ಹೇಳಿದೆ.

“ಯಾವ ಔಷಧ ಅಂತ ನಿನಗೂ ಗೊತ್ತಿಲ್ಲಾ? ಹಂಗಾರ ಇಬ್ಬರೂ ಕುರುಡರ ಆದಿವಿ,” ಎಂದು ನಕ್ಕಳು. ನಮ್ಮ ವೃತ್ತಿಯಲ್ಲಿ ಇದಕ್ಕೆ ‘ಡಬಲ್ ಬ್ಲೈಂಡ್’ ಎಂದೇ ಹೆಸರು. ಆ ಮುದುಕಿಯ ಮೇಲೆ ನನಗೆ ಅಲ್ಲೇ ಪ್ರೀತಿ ಹುಟ್ಟಿತು.

ಬೆಳಿಗ್ಗೆ ಆಪರೇಷನ್ ಆಯಿತು. ಮಧ್ಯಾಹ್ನ ಹೋಗಿ, “ಆಯಿ, ಆರಾಮ ಅದೀರಿ?” ಎಂದೆ.

“ಆರಾಮ ಅದೀನಪ್ಪಾ. ನಿಂದು ಊಟ ಆತೇನು?”

ಸೊನ್ನೆ ಬರೆದು ಬಂದೆ. ಎರಡು ತಾಸಿನ ನಂತರವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಸೊನ್ನೆ. ಕುರ್ಚಿಯಲ್ಲಿ ಕೂಡುವಷ್ಟರಲ್ಲಿ ವಾರ್ಡಿನ ನರ್ಸ್ ಶಾಂತಕ್ಕ ಬಂದರು.

“ಸರ್, ಮಲ್ಲವ್ವಗ ಸೊನ್ನಿ ಬರದೀರೆಲ್ರಿ? ಸೆರಗಿನ ಚುಂಗ ಹಲ್ಲಾಗ ಕಚಗೊಂಡು ಮಲಗ್ಯಾಳ. ಬಂದು ನೋಡ್ರಿ.”

ಓಡಿದೆ. “ಆಯಿ, ನೋವು ಐತೇನು?”

“ಐತಿ. ಹೊಟ್ಟಿ ಕೊಯ್ದ ಮ್ಯಾಲ ನೋವು ಇರದ ಇರತೈತೇನು?”

“ಮತ್ತ ಆರಾಮ ಅಂದಿರಲ್ಲ?”

“ಯಪ್ಪಾ, ಎದುರು ನಿಂತು ಆರಾಮ ಅದೀರಿ ಅಂತ ಕೇಳಿದವರಿಗೆ ಇಲ್ಲ ಅನ್ನೂದು ಯಾವ ಊರ ರೀತಿ? ನೀ ನೋವು ಎಲ್ಲಿ ಕೇಳಿದಿ?”

ನೋವಿನ ಇಂಜೆಕ್ಷನ್ ಕೊಡಿಸುವಾಗ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ನಾನೇ ಜ್ವರದಲ್ಲೂ ‘ಆರಾಮ್ರಿ’ ಎನ್ನುತ್ತ ಬಂದವನು. ಅದು ನಮ್ಮಲ್ಲಿ ನಮಸ್ಕಾರದ ಹಾಗೆ. ಬೇರೆ ಸೀಮೆಯ ಡಾಕ್ಟರ್ ಆಗಿದ್ದರೆ ಪುಸ್ತಕದ ಮಾತನ್ನೇ ಕೇಳುತ್ತಿದ್ದ, ಈ ತಪ್ಪು ಮಾಡುತ್ತಲೇ ಇರಲಿಲ್ಲ.

ನೋವು ಇಳಿದ ಮೇಲೆ ಆಯಿಯೇ ದಾರಿ ತೋರಿದಳು. “ಕುರಿಗೆ ಬಾಯಿ ಇಲ್ಲಪ್ಪಾ. ನಾವು ಅದನ್ನ ಕೇಳಂಗಿಲ್ಲ, ನಡಸಿ ನೋಡತೀವಿ.”

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಸೊನ್ನೆಗಳನ್ನು ನಂಬಿ ಇನ್ಯಾವುದೋ ಊರಿನಲ್ಲಿ ನೋವಿನ ಇಂಜೆಕ್ಷನ್ ತಡಮಾಡಿದರೆ, ಅಲ್ಲಿಯೂ ಯಾರೋ ಸೆರಗು ಕಚ್ಚಿ ಮಲಗಬೇಕಾಗುತ್ತಿತ್ತು. ಮರುದಿನವೇ ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ನನ್ನ ತಪ್ಪನ್ನು ಬರೆದು ತಿಳಿಸಿ ಅಧ್ಯಯನ ನಿಲ್ಲಿಸಿದೆ. ಬೆಳಗಾವಿಯಲ್ಲಿದ್ದ ನನ್ನ ಹಿರಿಯ ಮಾರ್ಗದರ್ಶಕರು ಫೋನಿನಲ್ಲಿ, “ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆತಲ್ರಿ!” ಎಂದು ಪೇಚಾಡಿದರು. ಸಮಿತಿಯ ಒಪ್ಪಿಗೆ ಪಡೆದು, ಹಳೆಯ ಹಾಳೆಗಳನ್ನೆಲ್ಲ ಬದಿಗಿಟ್ಟು, ಮೊದಲಿನಿಂದ ಶುರುಮಾಡಿದೆವು. ಹೊಸ ನಮೂನೆಯಲ್ಲಿ, ಆಯಿ ಕುರಿಯನ್ನು ನಡೆಸಿ ನೋಡುವ ಹಾಗೆ, ಮೊದಲು ರೋಗಿಗೆ ಕೆಮ್ಮಲು ಹೇಳಿ ಮುಖ ನೋಡಬೇಕು. ನೋವು ಎಷ್ಟು ಎಂಬ ಪ್ರಶ್ನೆ ಆಮೇಲೆ. ಉತ್ತರ ತಪ್ಪಾಗಿ ಬಂದಾಗ ರೋಗಿಯನ್ನು ದೂರುವ ಮೊದಲು ನನ್ನ ಪ್ರಶ್ನೆಯನ್ನು ಪರೀಕ್ಷಿಸಬೇಕು ಎಂದು ಆಗ ಕಲಿತೆ.

ಅಧ್ಯಯನ ನಿಲ್ಲಿಸಿದ ಆ ವಾರವೇ, ಮಲ್ಲವ್ವ ಊರಿಗೆ ಹೊರಡುವ ದಿನ ಕ್ಷಮೆ ಕೇಳಿ, ಅವಳ ಹಾಳೆಯನ್ನು ಅಧ್ಯಯನದಿಂದ ತೆಗೆದಿದ್ದೇವೆ ಎಂದು ಹೇಳಿದೆ.

“ಹಂಗಾರ ನಾ ಆಟಕ್ಕುಂಟು, ಲೆಕ್ಕಕ್ಕಿಲ್ಲ!” ಎಂದು ಗಟ್ಟಿಯಾಗಿ ನಕ್ಕವಳು, ತಟ್ಟನೆ ಹೊಟ್ಟೆ ಹಿಡಿದುಕೊಂಡು ಮುಖ ಕಿವುಚಿದಳು. ನಾನು ಕೇಳದೆ ಅವಳ ಮುಖವನ್ನೇ ನೋಡಿದೆ.

“ಹೌದೋ ಯಪ್ಪಾ,” ಎಂದಳು, “ನಕ್ಕರ ನೋಯತೈತಿ.”